1951ರ ಡಾನ್ಸ್: ಸೋಲರಿಯದ ತಂಡ, ಬಾರದ ಕರೆ

ಅಮೆರಿಕದಲ್ಲಿ ಫುಟ್‌ಬಾಲ್ ಎಂದು ಕರೆಯಲಾಗುವ ಆಟ ಕನ್ನಡಿಗರು ಬಲ್ಲ ಕಾಲ್ಚೆಂಡಾಟವಲ್ಲ. ಎರಡೂ ತುದಿ ಚೂಪಾದ ಚೆಂಡನ್ನು ಎದೆಗವಚಿಕೊಂಡು ಓಡುತ್ತ ಇಲ್ಲವೇ ಜೊತೆಗಾರನತ್ತ ಎಸೆಯುತ್ತ, ಮೈಮೇಲೆ ಬಿದ್ದು ಕೆಡವಲು ಬರುವ ಹನ್ನೊಂದು ಮಂದಿಯನ್ನು ದಾಟಿ, ನೂರು ಗಜದ ಅಂಕಣದ ಕೊನೆಯ ಗೆರೆಯನ್ನು ಮೀರುವುದೇ ಅದರ ಗುರಿ. ಹಾಗೆ ಗೆರೆ ಮೀರಿದರೆ ‘ಟಚ್‌ಡೌನ್’, ಅಂದರೆ ಆರು ಅಂಕ. ನಾಲ್ಕು ಯತ್ನಗಳಲ್ಲಿ ಹತ್ತು ಗಜವಾದರೂ ಮುಂದೆ ಸಾಗದ ತಂಡ ಚೆಂಡನ್ನು ಎದುರಾಳಿಗೆ ಬಿಟ್ಟುಕೊಡಬೇಕು. ಈ ಆಟ ಹುಟ್ಟಿ ಬೆಳೆದದ್ದು ಕಾಲೇಜುಗಳ ಅಂಗಳದಲ್ಲಿ. ಆ ಕಾಲೇಜು ಆಟದ ಇತಿಹಾಸದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ವಿಶ್ವವಿದ್ಯಾಲಯದ 1951ರ ತಂಡಕ್ಕಿರುವ ಸ್ಥಾನ ಗೆಲುವಿನ ಲೆಕ್ಕದಿಂದ ಮಾತ್ರ ಬಂದದ್ದಲ್ಲ.

ಜೆಸ್ಯೂಟ್ ಪಾದ್ರಿಗಳು 1855ರಲ್ಲಿ ಸ್ಥಾಪಿಸಿದ ಈ ಸಂಸ್ಥೆ ದೊಡ್ಡದೇನೂ ಆಗಿರಲಿಲ್ಲ, ಅದರ ಬಳಿ ಹೆಚ್ಚಿನ ಹಣವೂ ಇರಲಿಲ್ಲ. ಸ್ಪ್ಯಾನಿಷ್ ಗೌರವಸೂಚಕವಾದ ‘ಡಾನ್’ ಎಂಬ ಪದದಿಂದ ‘ಡಾನ್ಸ್’ ಎಂದು ಕರೆಸಿಕೊಳ್ಳುತ್ತಿದ್ದ ಅದರ ತಂಡ ಗೋಲ್ಡನ್ ಗೇಟ್ ಉದ್ಯಾನದ ಅಂಚಿನ ಕೀಜರ್ ಕ್ರೀಡಾಂಗಣದಲ್ಲಿ ಆಡುತ್ತಿತ್ತು. ತರಬೇತುದಾರ ಜೋ ಕುಹಾರಿಚ್ ಕಟ್ಟುನಿಟ್ಟಿನ ಮನುಷ್ಯರಾಗಿದ್ದರೆ, ತಂಡದ ಸುದ್ದಿಯನ್ನು ಪತ್ರಿಕೆಗಳಿಗೆ ತಲುಪಿಸುವ ಕೆಲಸ ಪೀಟ್ ರೋಜೆಲ್ ಎಂಬ ತರುಣರದಾಗಿತ್ತು. ಇದೇ ರೋಜೆಲ್ 1960ರಲ್ಲಿ ವೃತ್ತಿಪರ ಫುಟ್‌ಬಾಲ್ ಒಕ್ಕೂಟವಾದ ಎನ್‌ಎಫ್‌ಎಲ್‌ನ ಮುಖ್ಯಸ್ಥರಾದರು. ಎರಡನೆಯ ಮಹಾಯುದ್ಧದಲ್ಲಿ ಹೋರಾಡಿ ಬಂದಿದ್ದ ಜೀನೋ ಮಾರ್ಕೆಟ್ಟಿ, ಆರು ಅಡಿ ಒಂಬತ್ತು ಅಂಗುಲದ ಬಾಬ್ ಸೇಂಟ್ ಕ್ಲೇರ್, ಎದುರಾಳಿಯ ಓಟವನ್ನು ಬುಡದಲ್ಲೇ ಕತ್ತರಿಸುತ್ತಿದ್ದ ಬರ್ಲ್ ಟೋಲರ್, ಚೆಂಡು ಹಿಡಿದು ಓಡುವ ಓಲಿ ಮ್ಯಾಟ್ಸನ್ ಇವರೆಲ್ಲ ಒಂದೇ ತಂಡದಲ್ಲಿ ಕೂಡಿದ್ದರು. ಇವರಲ್ಲಿ ಟೋಲರ್ ಮತ್ತು ಮ್ಯಾಟ್ಸನ್ ಕಪ್ಪು ವರ್ಣೀಯರು.

ಆ ಋತುವಿನ ಒಂಬತ್ತು ಪಂದ್ಯಗಳನ್ನೂ ಡಾನ್ಸ್ ಗೆದ್ದಿತು. ಮ್ಯಾಟ್ಸನ್ ಒಟ್ಟು 1,566 ಗಜ ಓಡಿ, 21 ಟಚ್‌ಡೌನ್ ಗಳಿಸಿ, ಓಟದಲ್ಲಿ ಇಡೀ ದೇಶದ ಕಾಲೇಜು ಆಟಗಾರರಿಗಿಂತ ಮುಂದಿದ್ದರು. ನ್ಯೂಯಾರ್ಕ್‌ನಲ್ಲಿ ಫೋರ್ಡ್‌ಹ್ಯಾಮ್ ತಂಡದ ವಿರುದ್ಧ ನಡೆದ ಪಂದ್ಯ ಅವರ ಸಾಮರ್ಥ್ಯವನ್ನು ಪೂರ್ವ ಕರಾವಳಿಗೆ ತೋರಿಸಿಕೊಟ್ಟಿತು. ಅಂಕ ಗಳಿಸಿದ ತಂಡ ಚೆಂಡನ್ನು ಎದುರಾಳಿಯತ್ತ ದೂರಕ್ಕೆ ಒದೆಯುವುದು ನಿಯಮ. ಇದಕ್ಕೆ ‘ಕಿಕ್‌ಆಫ್’ ಎನ್ನುತ್ತಾರೆ. ಹಾಗೆ ಬಂದ ಚೆಂಡನ್ನು ಹಿಡಿದವನು ಸಾಮಾನ್ಯವಾಗಿ ಇಪ್ಪತ್ತು ಗಜ ಕ್ರಮಿಸುವಷ್ಟರಲ್ಲಿ ನೆಲಕ್ಕುರುಳುತ್ತಾನೆ. ಮ್ಯಾಟ್ಸನ್ ಅಂದು ತಮ್ಮದೇ ಗೆರೆಯ ಸಮೀಪ ಚೆಂಡು ಹಿಡಿದು, ಎದುರಿನಿಂದ ನುಗ್ಗಿ ಬಂದ ಇಡೀ ತಂಡವನ್ನು ಸೀಳಿಕೊಂಡು ಒಮ್ಮೆ 94 ಗಜ, ಇನ್ನೊಮ್ಮೆ 90 ಗಜ ಯಾರ ಕೈಗೂ ಸಿಗದೆ ಓಡಿದರು. ಡಾನ್ಸ್ 32–26ರಿಂದ ಗೆದ್ದಿತು. ಉಳಿದ ಯಾವ ಪಂದ್ಯವೂ ಇಷ್ಟು ಬಿಗಿಯಾಗಿರಲಿಲ್ಲ.

ಈ ಹಂತದಲ್ಲಿ ‘ಬೌಲ್’ ಪಂದ್ಯಗಳ ವ್ಯವಸ್ಥೆಯನ್ನು ತಿಳಿಯಬೇಕಾಗುತ್ತದೆ. ಬಟ್ಟಲಿನ ಆಕಾರದ ಕ್ರೀಡಾಂಗಣದಿಂದ ಹೆಸರು ಪಡೆದ, ಹೊಸ ವರ್ಷದ ಆಸುಪಾಸಿನಲ್ಲಿ ನಡೆಯುವ ಈ ಪಂದ್ಯಗಳಿಗೆ ತಂಡಗಳನ್ನು ಆಯಾ ಊರಿನ ಸಂಘಟಕರು ಕರೆಯುತ್ತಿದ್ದರು. ಕರೆ ಪಡೆದ ಕಾಲೇಜಿಗೆ ಕೀರ್ತಿಯ ಜೊತೆಗೆ ದೊಡ್ಡ ಮೊತ್ತದ ಹಣವೂ ಸಿಗುತ್ತಿತ್ತು. ಫುಟ್‌ಬಾಲಿನಿಂದ ನಷ್ಟಕ್ಕೀಡಾಗಿದ್ದ ಈ ವಿಶ್ವವಿದ್ಯಾಲಯಕ್ಕೆ ಆ ಹಣ ಅತ್ಯಗತ್ಯವಾಗಿತ್ತು. ಆದರೆ ಆರೆಂಜ್, ಶುಗರ್, ಗೇಟರ್ ಎಂಬ ಮೂರು ಬೌಲ್‌ಗಳೂ ನಡೆಯುತ್ತಿದ್ದುದು ವರ್ಣಭೇದವೇ ಕಾನೂನಾಗಿದ್ದ ದಕ್ಷಿಣದ ಮಯಾಮಿ, ನ್ಯೂ ಆರ್ಲಿಯನ್ಸ್ ಮತ್ತು ಜ್ಯಾಕ್ಸನ್‌ವಿಲ್ ನಗರಗಳಲ್ಲಿ. ಆ ವರ್ಷ ಈ ಮೂರೂ ಕಡೆ ಬೇರೆ ತಂಡಗಳು ಆಡಿದವು. ಡಾನ್ಸ್‌ನ ಎದುರಾಳಿಗಳು ದುರ್ಬಲರೆಂಬ ಮಾತೂ ಕೇಳಿಬಂದಿತ್ತು, ಅದರಲ್ಲಿ ಸ್ವಲ್ಪ ಹುರುಳೂ ಇತ್ತು. ಆದರೆ ಟೋಲರ್ ಮತ್ತು ಮ್ಯಾಟ್ಸನ್ ಅವರನ್ನು ಬಿಟ್ಟು ಬರುವುದಾದರೆ ಕರೆ ಸಿಗಬಹುದೆಂಬ ಸೂಚನೆ ತಮ್ಮನ್ನು ತಲುಪಿತೆಂದೂ, ತಾವು ಒಕ್ಕೊರಲಿನಿಂದ ಒಲ್ಲೆವೆಂದೆವೆಂದೂ ಆ ತಂಡದ ಆಟಗಾರರು ಮುಂದೆ ಬದುಕಿನುದ್ದಕ್ಕೂ ಹೇಳುತ್ತ ಬಂದರು. ಜೊತೆಗೆ ಉಂಡು, ಜೊತೆಗೆ ಪೆಟ್ಟು ತಿಂದ ಆ ಯುವಕರಿಗೆ ಅದು ಚರ್ಚೆಗೆ ಯೋಗ್ಯವಾದ ವಿಷಯವಾಗಿಯೇ ಕಾಣಲಿಲ್ಲ. ಆ ಋತುವಿನ ನಿಜವಾದ ಸಾಧನೆಯನ್ನು ಇಲ್ಲಿಯೇ ಹುಡುಕಬೇಕು.

ಆದರೆ ನಿರಾಕರಣೆಗೆ ಬೆಲೆ ತೆರಬೇಕಾಯಿತು. ಋತು ಮುಗಿಯುತ್ತಿದ್ದಂತೆ ವಿಶ್ವವಿದ್ಯಾಲಯ ಖರ್ಚು ಭರಿಸಲಾರದೆ ಫುಟ್‌ಬಾಲನ್ನೇ ಕೈಬಿಟ್ಟಿತು. ಓದು ಉಳಿದಿದ್ದ ಸೇಂಟ್ ಕ್ಲೇರ್ ಟಲ್ಸಾಗೆ ಹೋಗಿ ಆಡಬೇಕಾಯಿತು. ಮ್ಯಾಟ್ಸನ್ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ 400 ಮೀಟರ್ ಓಟದ ಕಂಚನ್ನೂ ರಿಲೇಯ ಬೆಳ್ಳಿಯನ್ನೂ ಗೆದ್ದು ವೃತ್ತಿಪರ ಆಟಕ್ಕೆ ಕಾಲಿಟ್ಟರು. ಅವರು, ಮಾರ್ಕೆಟ್ಟಿ ಮತ್ತು ಸೇಂಟ್ ಕ್ಲೇರ್ ಮೂವರೂ ವೃತ್ತಿಪರ ಫುಟ್‌ಬಾಲಿನ ‘ಹಾಲ್ ಆಫ್ ಫೇಮ್’ ಗೌರವ ಪಡೆದರು. ಒಂದೇ ಕಾಲೇಜು ತಂಡದಿಂದ ಮೂವರು ಈ ಎತ್ತರಕ್ಕೇರುವುದು ತೀರ ಅಪರೂಪ.

ಟೋಲರ್ ಅವರ ದಾರಿ ಬೇರೆಯಾಯಿತು. 1952ರಲ್ಲಿ ಮೊಣಕಾಲಿಗೆ ಬಿದ್ದ ಪೆಟ್ಟಿನಿಂದ ಅವರ ಆಟವೇ ನಿಂತುಹೋಯಿತು. ಅವರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶಿಕ್ಷಕರಾಗಿ, ಮುಖ್ಯೋಪಾಧ್ಯಾಯರಾಗಿ ದುಡಿಯುತ್ತಲೇ, 1965ರಲ್ಲಿ ಎನ್‌ಎಫ್‌ಎಲ್‌ನ ಮೊದಲ ಕಪ್ಪು ವರ್ಣೀಯ ತೀರ್ಪುಗಾರರಾದರು. ವೃತ್ತಿಪರ ಆಟದ ಅಂತಿಮ ಪಂದ್ಯವಾದ ಸೂಪರ್ ಬೌಲ್ 1980ರ ಜನವರಿಯಲ್ಲಿ ಪಸಡೀನಾದ ರೋಸ್ ಬೌಲ್ ಕ್ರೀಡಾಂಗಣದಲ್ಲಿ ನಡೆದಾಗ ಟೋಲರ್ ತೀರ್ಪುಗಾರರ ಕಪ್ಪು ಬಿಳುಪು ಪಟ್ಟೆಯ ಅಂಗಿ ತೊಟ್ಟು ಆ ಹುಲ್ಲಿನ ಮೇಲೆ ನಿಂತಿದ್ದರು. 1951ರ ನವೆಂಬರಿನಲ್ಲಿ ಡಾನ್ಸ್ ತಂಡ ಲೊಯೋಲಾ ವಿರುದ್ಧ ತನ್ನ ಒಂಬತ್ತನೆಯ ಗೆಲುವನ್ನು ಪಡೆದದ್ದು ಅದೇ ಅಂಗಳದಲ್ಲಿ.