ಟಗರಿನ ಮೈಕಟ್ಟೂ ಕೆಚ್ಚಲುಬಾವೂ

ತಳಿಗಾಗಿ ಟಗರನ್ನು ಆರಿಸುವಾಗ ಗ್ರಾಮದ ಮುಖಂಡರೂ ಭೂಮಾಲೀಕರೂ ಮೊದಲು ನೋಡುವುದು ಅದರ ಎತ್ತರವನ್ನೂ ತೂಕವನ್ನೂ ಅಲ್ಲವೆ? ಈ ಪದ್ಧತಿಯಲ್ಲಿ ಅಡಗಿರಬಹುದಾದ ಒಂದು ನಷ್ಟವನ್ನು ಫ್ರಾನ್ಸ್ ದೇಶದ ಶೋಧಕರು 2015ನೆಯ ಇಸವಿಯಲ್ಲಿ ಪ್ರಕಟಪಡಿಸಿದರು. ಅದನ್ನು ಇಲ್ಲಿ ವಿವರಿಸಲಾಗುವುದು.

ರೋಗಾಣುಗಳು ದೇಹವನ್ನು ಹೊಕ್ಕಾಗ ರಕ್ಷಕ ಜೀವಕೋಶಗಳು ಸೈಟೋಕೈನುಗಳೆಂಬ ದ್ರವ್ಯಗಳನ್ನು ಹೊರಸೂಸಿ ಒಂದಕ್ಕೊಂದು ಸಮಾಚಾರ ಕೊಡುವುವು. ಈ ದ್ರವ್ಯವು ಜೀವಕೋಶದ ಹೊರಮೈಗೆ ತಗುಲಿದೊಡನೆ ಒಳಗೆ ಸಂಕೇತವು ಹರಿದು, ಬಾವು ಜ್ವರ ಮೊದಲಾದವು ತಲೆದೋರುವುವು. ಇವು ರಕ್ಷಣೆಗೆ ಅವಶ್ಯವೇ ಸರಿ. ಮಿತಿಮೀರಿದರೆ ಮಾತ್ರ ಸ್ವಂತ ಅಂಗವನ್ನೇ ಕೆಡಿಸುವುವು. ಕೆರೆಯ ತೂಬನ್ನು ಸಕಾಲದಲ್ಲಿ ಮುಚ್ಚದಿದ್ದರೆ ಪೈರು ಕೊಳೆಯುವುದಷ್ಟೆ. ದೇಹದೊಳಗೆ ಈ ನೀರುಗಂಟಿಯ ಕೆಲಸವನ್ನು ನಡೆಸುವುದು ಸಾಕ್ಸ್ ಎಂದು ಕರೆಯಲ್ಪಡುವ ಜೀನುಗಳ ಗುಂಪು. ಸೈಟೋಕೈನಿನ ಸಂಕೇತವೇ ಇವುಗಳನ್ನು ಎಬ್ಬಿಸುವುದು. ಇವುಗಳಿಂದ ಹುಟ್ಟಿದ ಪ್ರೋಟೀನು ಮರಳಿ ಬಂದು ಅದೇ ಸಂಕೇತವನ್ನು ತಡೆಯುವುದು. 1997ರಲ್ಲಿ ಮೆಲ್ಬರ್ನ್ ನಗರದವರೂ ಜಪಾನಿನವರೂ ಈ ಗುಂಪಿನ ಸಾಕ್ಸ್-1 ಎಂಬ ಜೀನನ್ನು ಬೇರೆಬೇರೆಯಾಗಿಯೇ ಕಂಡುಹಿಡಿದರು. ಅದಿಲ್ಲದೆ ಹುಟ್ಟಿದ ಇಲಿಮರಿಗಳು ಮೂರು ವಾರಗಳೊಳಗಾಗಿ ಸಾಯುವುವು.

ನಮ್ಮ ವಿಷಯಕ್ಕೆ ಸಂಬಂಧಪಟ್ಟದ್ದು ಸಾಕ್ಸ್-2. ಇದು ಬೆಳೆವಣಿಗೆಯ ಹಾರ್ಮೋನಿಗೂ ಕಡಿವಾಣ ಹಾಕುವುದು. ಇದನ್ನು ತೆಗೆದುಹಾಕಿದ ಇಲಿಗಳು ದೈತ್ಯಾಕಾರವಾಗಿ ಬೆಳೆದುದು 2000ನೆಯ ಇಸವಿಯಲ್ಲಿ ವರದಿಯಾಯಿತು. ರಾಕ್‌ಫೋರ್ ಗಿಣ್ಣಿಗಾಗಿ ಹಾಲು ಕೊಡುವ ಫ್ರಾನ್ಸಿನ ಲಕೋನ್ ಕುರಿಗಳಲ್ಲಿ ಕೆಲವಕ್ಕೆ, ಮೂರನೆಯ ವರ್ಣತಂತುವಿನಲ್ಲಿರುವ ಈ ಜೀನಿನಲ್ಲಿ ಒಂದೇ ಒಂದು ಅಕ್ಷರ ವ್ಯತ್ಯಾಸವಾಗಿದೆ. ಅದರಿಂದ ಪ್ರೋಟೀನಿನ 96ನೆಯ ಸ್ಥಾನದಲ್ಲಿ ಅರ್ಜಿನೀನ್ ಇರಬೇಕಾದಲ್ಲಿ ಸಿಸ್ಟೀನ್ ಬಂದು ಕೂತಿದೆ. ಪ್ರೋಟೀನಿಗೆ ತಾನು ಹಿಡಿಯಬೇಕಾದುದನ್ನು ಹಿಡಿಯಲಾಗದು. ಪರಿಣಾಮವೇನೆಂದರೆ, ಅಂಥ ಕುರಿಗಳ ಮೈಕಟ್ಟು ದೊಡ್ಡದು, ಹಾಲೂ ತುಸು ಹೆಚ್ಚು; ಕೆಚ್ಚಲುಬಾವು ತಗಲುವ ಸಂಭವವೂ ಹೆಚ್ಚು. ನೋಡಲು ಲಾಭವೆಂದು ಕಾಣುವ ಟಗರೊಂದು ಹಿಂಡಿಗೆಲ್ಲ ರೋಗದ ಒಲವನ್ನು ಹಂಚಿದಂತಾಗುವುದು. ಟಗರಿಗೆ ಕೆಚ್ಚಲಿಲ್ಲವಾದ್ದರಿಂದ ದೋಷವು ಅದರಲ್ಲಿ ಕಾಣಿಸದೆ ಹೆಣ್ಣುಮರಿಗಳಲ್ಲಿಯೇ ಹೊರಬೀಳುವುದು.

ನಮ್ಮ ಬನ್ನೂರು ಕುರಿಯನ್ನು ಸಾಕುವುದು ಮಾಂಸಕ್ಕಾಗಿ, ಹಾಲಿಗಲ್ಲ, ನಿಜ. ಆದರೆ ಕೆಚ್ಚಲು ಕೆಟ್ಟ ತಾಯಿಯ ಮರಿ ಸೊರಗುವುದು ಎಲ್ಲೆಡೆಯೂ ಒಂದೇ. ಆದಕಾರಣ ಟಗರನ್ನು ಕೊಳ್ಳುವ ಮುನ್ನ ಅದರ ತಾಯಿಯನ್ನೂ ಒಡಹುಟ್ಟಿದ ಹೆಣ್ಣುಗಳನ್ನೂ ತರಿಸಿ ನೋಡತಕ್ಕದ್ದು. ಕೆಚ್ಚಲಿನ ಎರಡು ಭಾಗಗಳನ್ನೂ ಕೈಯಿಂದ ಒತ್ತಿ, ಗಂಟು ಇಲ್ಲವೆ ಒಂದು ಭಾಗ ಬತ್ತಿರುವುದು ಕಂಡುಬಂದರೆ, ಹಾಲಿನಲ್ಲಿ ಹೆಪ್ಪಿನಂಥ ಚೂರುಗಳಿದ್ದರೆ, ಟಗರು ಎಷ್ಟೇ ಎತ್ತರವಾಗಿದ್ದರೂ ತಳಿಗೆ ಇಟ್ಟುಕೊಳ್ಳಬಾರದು.