ಬೆದೆಯ ಸೂಜಿಮದ್ದಿಗೆ ಮುನ್ನ ಗಬ್ಬದ ಪರೀಕ್ಷೆ

"ಹಸು ಬೆದೆಗೇ ಬರ್ತಿಲ್ಲ ಸಾರ್, ಒಂದು ಸೂಜಿ ಹಾಕಿಸಿಕೊಡಿ." ಅರಸೀಕೆರೆಯ ತೆಂಗಿನ ಸೀಮೆಯಲ್ಲಾಗಲಿ, ಬೇಲೂರಿನ ಮಲೆನಾಡ ಸೆರಗಿನಲ್ಲಾಗಲಿ ರೈತ ಬಾಂಧವರು ನನಗೆ ಮೇಲಿಂದ ಮೇಲೆ ಹೇಳುವ ಮಾತಿದು. ಕೇಳುವುದು ತಪ್ಪಲ್ಲ. ಹಸು ಬರಡು ನಿಂತ ಪ್ರತಿ ತಿಂಗಳೂ ಮೇವಿನ ಖರ್ಚು ದಂಡ. ಆದರೆ ಆ ಮದ್ದು ಒಳಗೆ ಏನು ಮಾಡುತ್ತದೆಂಬುದನ್ನು ತಿಳಿದೇ ಹಾಕಿಸಬೇಕು.

ಕೆಲವು ವರ್ಷಗಳ ಹಿಂದೆ ಹಳೇಬೀಡಿನ ಬಳಿಯ ರೈತರೊಬ್ಬರು, ಮಿಶ್ರತಳಿ ಹಸು ಮೂರು ತಿಂಗಳಿಂದ ಬೆದೆಗೆ ಬಂದಿಲ್ಲವೆಂದು ಪರೀಕ್ಷೆ ಇಲ್ಲದೆಯೇ ಗೊತ್ತಿದ್ದವರೊಬ್ಬರಿಂದ ಸೂಜಿ ಹಾಕಿಸಿದರು. ನಾಲ್ಕನೆಯ ದಿನ ಹಸು ಕಂದು ಹಾಕಿತು. ಮೇಯಲು ಬಿಟ್ಟಾಗ ಊರ ಹೋರಿಯೊಂದಿಗೆ ಕೂಡಿ ಅದು ಆಗಲೇ ಗಬ್ಬವಾಗಿತ್ತು. ಬೆದೆಗೆ ಬಾರದಿದ್ದುದಕ್ಕೆ ಅದೇ ಕಾರಣ!

ಹಸುವಿನ ಒಳಗಿನ ಪಂಚಾಂಗ

ಹಸುವಿಗೆ ಸುಮಾರು 21 ದಿನಕ್ಕೊಮ್ಮೆ ಬೆದೆ ಬರುತ್ತದೆ. ಇದನ್ನು ನಡೆಸುವವು ಹಾರ್ಮೋನುಗಳು. ಅಂದರೆ, ದೇಹದ ಒಂದು ಕಡೆ ಹುಟ್ಟಿ, ರಕ್ತದಲ್ಲಿ ಹರಿದು, ಇನ್ನೊಂದು ಅಂಗಕ್ಕೆ ಕೆಲಸ ಹೇಳುವ ರಸಗಳು. ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಹಾರ್ಮೋನು ಅಂಡಾಶಯದಲ್ಲಿ ಗುಳ್ಳೆಯನ್ನು ಬೆಳೆಸುತ್ತದೆ. ಬಲಿತ ಗುಳ್ಳೆಯಿಂದ ಹೊರಡುವ ಈಸ್ಟ್ರೋಜನ್ ಬೆದೆ ತರುತ್ತದೆ. ಬೆದೆ ಇಳಿದ 10–14 ಗಂಟೆಗಳಲ್ಲಿ ಗುಳ್ಳೆ ಒಡೆದು ಅಂಡಾಣು ಹೊರಬರುತ್ತದೆ. ಆದ್ದರಿಂದಲೇ ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸಬೇಕು.

ಗುಳ್ಳೆ ಒಡೆದ ಜಾಗದಲ್ಲಿ ಹಳದಿ ಗಂಟೊಂದು ಬೆಳೆಯುತ್ತದೆ. ಅದರಿಂದ ಬರುವ ಪ್ರೊಜೆಸ್ಟರೋನ್ ಹೊಸ ಬೆದೆಯನ್ನು ತಡೆಯುತ್ತದೆ, ಗಬ್ಬವಾಗಿದ್ದರೆ ಗರ್ಭವನ್ನು ಕಾಯುತ್ತದೆ. ಗಬ್ಬವಾಗದಿದ್ದರೆ 17ನೆಯ ದಿನದ ಸುಮಾರಿಗೆ ಗರ್ಭಕೋಶದಿಂದ ಪ್ರೊಸ್ಟಗ್ಲಾಂಡಿನ್ ಹೊರಟು ಗಂಟನ್ನು ಕರಗಿಸುತ್ತದೆ. ಮತ್ತೆ ಬೆದೆ ಬರುತ್ತದೆ.

ಸೂಜಿಮದ್ದು ಮಾಡುವುದೇನು?

ಬೆದೆಗೆಂದು ಸಾಮಾನ್ಯವಾಗಿ ಹಾಕುವುದು ಇದೇ ಪ್ರೊಸ್ಟಗ್ಲಾಂಡಿನ್. ಬಲಿತ ಹಳದಿ ಗಂಟಿದ್ದರೆ 2ರಿಂದ 5 ದಿನಗಳಲ್ಲಿ ಬೆದೆ ಬರುತ್ತದೆ. ಬೆದೆಯಾದ ಮೊದಲ ಐದು ದಿನ ಗಂಟು ಎಳೆಯದಾದ್ದರಿಂದ ಮದ್ದು ನಾಟದು. ಮೇವಿಲ್ಲದೆ ಬಡಕಲಾದ ಹಸುವಿನಲ್ಲಿ ಎಷ್ಟೋ ವೇಳೆ ಗಂಟೇ ಇರದು, ಆಗ ಹಣ ವ್ಯರ್ಥ. ಗಬ್ಬದ ಹಸುವಿಗೆ ಹಾಕಿದರಂತೂ ಗರ್ಭ ಕಾಯುವ ಗಂಟೇ ಕರಗಿ ಕರು ಹೋಗುತ್ತದೆ. ಬೆದೆ ಕಾಯದೆ ಗೊತ್ತಾದ ವೇಳೆಗೆ ಗರ್ಭಧಾರಣೆ ಮಾಡಿಸುವ ಮೂರು ಸೂಜಿಗಳ 'ಓವ್‌ಸಿಂಕ್' ಕ್ರಮವನ್ನು 1995ರಲ್ಲಿ ಅಮೆರಿಕದ ವಿಜ್ಞಾನಿಗಳು ಪ್ರಕಟಿಸಿದರು. ಅದರಲ್ಲಿಯೂ ಪ್ರೊಸ್ಟಗ್ಲಾಂಡಿನ್ ಇದೆ. ಅದಕ್ಕೂ ಮೊದಲು ಪರೀಕ್ಷೆಯೇ.

ರೈತರು ಮಾಡಬೇಕಾದುದು

1. ಕರು ಹಾಕಿದ ದಿನ, ಬೆದೆ ಕಂಡ ದಿನ, ಗರ್ಭಧಾರಣೆಯ ದಿನಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ.

2. ಬೆಳಿಗ್ಗೆ, ಸಂಜೆ ಮತ್ತು ಮಲಗುವ ಮುನ್ನ ಹಸುವನ್ನು ಗಮನಿಸಿ. ತಿಳಿಯಾದ ಲೋಳೆ, ಕೂಗು, ಬೇರೆ ಹಸು ಮೇಲೆ ಹತ್ತಿದಾಗ ಅಲುಗದೆ ನಿಲ್ಲುವುದು ಬೆದೆಯ ಗುರುತು. ಬೇಲೂರಿನ ಮಳೆಗಾಲದಲ್ಲಿ ಕೊಟ್ಟಿಗೆಯಲ್ಲೇ ಕಟ್ಟಿದ ಹಸುವಿನ ಬೆದೆ ಕಣ್ಣಿಗೆ ಬೀಳದೆ ಹೋಗಬಹುದು.

3. ಅರಸೀಕೆರೆಯ ಬೇಸಿಗೆಯಲ್ಲಿ ಬರೀ ರಾಗಿ ಹುಲ್ಲು ಸಾಲದು. ಹಸಿರು ಮೇವು, ಹಿಂಡಿ, ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ ಕೊಡಿ. ಜಂತಿನ ಔಷಧಿ ಹಾಕಿಸಿ.

4. ಕರು ಹಾಕಿ ಮೂರು ತಿಂಗಳಾದರೂ ಬೆದೆ ಕಾಣದಿದ್ದರೆ ಪಶುವೈದ್ಯರಿಗೆ ತೋರಿಸಿ. ಗಬ್ಬವಿಲ್ಲವೆಂದು ಅವರು ಪರೀಕ್ಷಿಸಿ ಹೇಳಿದ ಮೇಲೆಯೇ ಸೂಜಿ.

5. ಗರ್ಭಿಣಿಯರು, ಉಬ್ಬಸವಿರುವವರು ಈ ಮದ್ದನ್ನು ಮುಟ್ಟಬಾರದು.

ಪರೀಕ್ಷೆಗೆ ಹಿಡಿಯುವುದು ಕೆಲವೇ ನಿಮಿಷ. ಕಳೆದುಕೊಂಡ ಕರುವಿಗೆ ಬದಲು ಇನ್ನೊಂದು ಬರಲು ಒಂಬತ್ತು ತಿಂಗಳ ಮೇಲೆ ಕಾಯಬೇಕು.