ಪರದೆಯ ಹಿಂದೆ ಕುಳಿತವನ ಪಾಲು

ಪೂರ್ವ ಲಂಡನ್ನಿನ ವೈಟ್‌ಚಾಪೆಲ್ ರಸ್ತೆಯಲ್ಲಿ, ಹಳೆಯ ಲಂಡನ್ ಆಸ್ಪತ್ರೆಯ ಎದುರಿಗೆ ಒಂದು ಅಂಗಡಿ ಸಾಲಿದೆ. ಅಲ್ಲಿನ 259ನೇ ನಂಬರಿನ ಮಳಿಗೆಯಲ್ಲಿ ಇತ್ತೀಚಿನ ದಶಕಗಳಲ್ಲಿ ಸೀರೆ ವ್ಯಾಪಾರ ನಡೆದಿದೆ. 1884ರಲ್ಲಿ ಅದರ ನಂಬರು 123. ಆ ವರ್ಷ ಟಾಮ್ ನಾರ್ಮನ್ ಎಂಬ 24 ವರ್ಷದ ಪ್ರದರ್ಶನಕಾರ ಅದನ್ನು ಬಾಡಿಗೆಗೆ ಹಿಡಿದು, ಮುಂದೆ ದೊಡ್ಡದೊಂದು ಬಣ್ಣದ ಚಿತ್ರ ಕಟ್ಟಿದ್ದ. ಅರ್ಧ ಮನುಷ್ಯ, ಅರ್ಧ ಆನೆ. ಒಳಗೆ ಪರದೆಯ ಹಿಂದೆ ಕುಳಿತಿದ್ದವನು ತಲೆ, ಮುಖ, ಬಲಗೈ ಊದಿ ವಿಕಾರವಾಗಿದ್ದ ಲೆಸ್ಟರ್ ಊರಿನ ಜೋಸೆಫ್ ಮೆರಿಕ್. ವಯಸ್ಸು 22.

ವೈಟ್‌ಚಾಪೆಲ್ ಆಗ ಹಡಗುಕಟ್ಟೆಯ ಕೂಲಿಗಳು, ರಷ್ಯಾದಿಂದ ಓಡಿಬಂದ ಯಹೂದಿ ದರ್ಜಿಗಳು, ರಾತ್ರಿ ಲೆಕ್ಕದಲ್ಲಿ ಹಾಸಿಗೆ ಕೊಡುವ ಛತ್ರಗಳು, ಸೂಳೆಗೇರಿಗಳು ಒತ್ತೊತ್ತಾಗಿ ತುಂಬಿದ್ದ ಬಡ ಬಡಾವಣೆ. ನಾಲ್ಕು ವರ್ಷದ ಬಳಿಕ ಜಾಕ್ ದ ರಿಪ್ಪರ್ ಎಂಬ ಹೆಸರು ಹುಟ್ಟಿದ್ದು ಇದೇ ಓಣಿಗಳಲ್ಲಿ. ಇಲ್ಲಿ ದೊಡ್ಡ ನಾಟಕಶಾಲೆಗೆ ಹೋಗುವಷ್ಟು ದುಡ್ಡು ಯಾರ ಕೈಯಲ್ಲೂ ಇರಲಿಲ್ಲ. ಒಂದೆರಡು ಪೆನ್ನಿ ಇರುತ್ತಿತ್ತು. ಅದನ್ನೇ ನಂಬಿ ಬದುಕುತ್ತಿತ್ತು ಊರೂರು ಸುತ್ತುವ ಈ ಕಸುಬು. ಖಾಲಿ ಬಿದ್ದ ಮಳಿಗೆಯನ್ನು ಕೆಲವು ವಾರಕ್ಕೆ ಹಿಡಿಯುವುದು, ಬಾಗಿಲಲ್ಲಿ ನಿಂತು ಜನ ಸೇರಿಸುವುದು, ನೋಡುವವರು ಕಡಿಮೆಯಾದರೆ ಅಥವಾ ಪೊಲೀಸರು ಬಂದರೆ ಗಂಟುಮೂಟೆ ಕಟ್ಟುವುದು. ನಮ್ಮ ಜಾತ್ರೆಗಳಲ್ಲಿ ಹಾವಿನ ಮೈಯ ಹುಡುಗಿಯ ಡೇರೆ ಮುಂದೆ ಮೈಕು ಹಿಡಿದು ಕೂಗುವವನನ್ನು ಕಂಡವರಿಗೆ ನಾರ್ಮನ್‌ನ ಕೆಲಸವನ್ನು ವಿವರಿಸಿ ಹೇಳಬೇಕಿಲ್ಲ. ಅವನ ಬಂಡವಾಳವೆಲ್ಲ ಮಾತು. ಒಳಗಿರುವವನು ನಿಮ್ಮನ್ನು ಹೆದರಿಸಲು ಬಂದಿಲ್ಲ, ತಿಳಿವಳಿಕೆ ಕೊಡಲು ಬಂದಿದ್ದಾನೆ ಎಂದು ಮೊದಲೇ ಜನರ ಮನಸ್ಸನ್ನು ಹದಗೊಳಿಸಿ, ಆಮೇಲೆ ಪರದೆ ಸರಿಸುತ್ತಿದ್ದ. ಮೆರಿಕ್‌ನ ಬದುಕಿನ ಕಥೆಯ ಪುಟ್ಟ ಪುಸ್ತಿಕೆಯೂ ಮಾರಾಟಕ್ಕಿತ್ತು.

ಮೆರಿಕ್‌ನನ್ನು ಯಾರೋ ಹಿಡಿದು ತಂದು ಕೂರಿಸಿದ್ದರು ಎಂದೇ ಬಹಳ ಮಂದಿ ತಿಳಿದಿದ್ದಾರೆ. ನಡೆದದ್ದು ಬೇರೆ. ಹುಡುಗನಾಗಿದ್ದಾಗ ಸಿಗಾರ್ ಸುತ್ತುವ ಕೆಲಸಕ್ಕೆ ಹೋಗುತ್ತಿದ್ದ. ಬಲಗೈ ಊದುತ್ತ ಹೋದಂತೆ ಅದು ಕೈತಪ್ಪಿತು. ಆಮೇಲೆ ಬೀದಿಯಲ್ಲಿ ದಾರ, ಗುಂಡಿ ಮಾರಲು ಹೊರಟ. ಮುಖ ಕಂಡವರು ಬಾಗಿಲು ಹಾಕಿಕೊಂಡರು. 1879ರ ಕೊನೆಗೆ ವರ್ಕ್‌ಹೌಸ್ ಸೇರಿದ. ಅದು ನಿರ್ಗತಿಕರಿಗೆ ಗಂಜಿ ಹಾಕಿ ದುಡಿಸಿಕೊಳ್ಳುತ್ತಿದ್ದ, ಜೈಲಿಗಿಂತ ಹೆಚ್ಚು ಜನ ಹೆದರುತ್ತಿದ್ದ ಜಾಗ. ಅಲ್ಲಿ ನಾಲ್ಕು ವರ್ಷ ಕಳೆದವನು ಸ್ಯಾಮ್ ಟಾರ್ ಎಂಬ ರಂಗಮಂದಿರದ ಮಾಲೀಕನಿಗೆ ತಾನಾಗಿಯೇ ಪತ್ರ ಬರೆದ: ನನ್ನನ್ನು ಪ್ರದರ್ಶನಕ್ಕಿಡಿ. ಈ ಪತ್ರವೇ ನನಗೆ ಇಡೀ ಕಥೆಯ ಜೀವಾಳ. ಊರೆಲ್ಲ ಪುಕ್ಕಟೆಯಾಗಿ ದಿಟ್ಟಿಸುತ್ತಿದ್ದ ದೇಹಕ್ಕೆ ಅವನೇ ಬೆಲೆ ಕಟ್ಟಿದ.

ನಾರ್ಮನ್ ಬರೆದಿಟ್ಟ ನೆನಪುಗಳ ಪ್ರಕಾರ ಗಳಿಕೆಯಲ್ಲಿ ಮೆರಿಕ್‌ಗೆ ಸರಿಪಾಲು ಸಿಗುತ್ತಿತ್ತು. ತಲೆಯ ಭಾರಕ್ಕೆ ಮಲಗಲಾರದೆ ಅವನು ಮಂಡಿಗೆ ಹಣೆ ಆನಿಸಿ, ಕುಳಿತೇ ನಿದ್ದೆ ಮಾಡುತ್ತಿದ್ದುದನ್ನೂ, ಅವನಿಗೆಂದು ಕಬ್ಬಿಣದ ಮಂಚ ಹಾಕಿಸಿ ಸುತ್ತ ಪರದೆ ಕಟ್ಟಿಸಿದ್ದನ್ನೂ ನಾರ್ಮನ್ ಹೇಳಿಕೊಂಡಿದ್ದಾನೆ. ತನ್ನ ಪರ ತಾನೇ ಹೇಳುವ ಸಾಕ್ಷಿ, ನಿಜ. ಆದರೆ ಪ್ರದರ್ಶನದ ದಿನಗಳಲ್ಲಿ ಮೆರಿಕ್ ಸುಮಾರು 50 ಪೌಂಡ್ ಕೂಡಿಟ್ಟಿದ್ದ ಎಂಬುದಂತೂ ಉಳಿಯುತ್ತದೆ. ಪೂರ್ವ ಲಂಡನ್ನಿನ ಕೂಲಿಯವನಿಗೆ ಅದು ಹೆಚ್ಚುಕಡಿಮೆ ಒಂದು ವರ್ಷದ ದುಡಿಮೆ.

ಎದುರಿನ ಆಸ್ಪತ್ರೆಯಿಂದ ರಸ್ತೆ ದಾಟಿ ಬಂದ ಶಸ್ತ್ರಚಿಕಿತ್ಸಕ ಫ್ರೆಡರಿಕ್ ಟ್ರೀವ್ಸ್ ಅವನನ್ನು ಒಯ್ದು ಪರೀಕ್ಷಿಸಿದ. ಡಿಸೆಂಬರ್ 2ರಂದು ಪೆಥಾಲಜಿ ಸೊಸೈಟಿಯ ವೈದ್ಯರ ಮುಂದೆ ನಿಲ್ಲಿಸಿದ. ದನದ ಸಂತೆಯಲ್ಲಿ ನಿಂತ ಹಾಗಾಯಿತು, ಇನ್ನು ಹೋಗಲಾರೆ ಎಂದು ಮೆರಿಕ್ ಹಟ ಹಿಡಿದನೆಂದು ನಾರ್ಮನ್ ಬರೆದಿದ್ದಾನೆ. ಅಷ್ಟರಲ್ಲಿ ಪೊಲೀಸರು ಮಳಿಗೆ ಮುಚ್ಚಿಸಿದರು. ಬೇರೆಯವರ ಕೈಗೆ ಬಿದ್ದು ಯುರೋಪ್ ಸುತ್ತಿದ ಮೆರಿಕ್‌ನ ಉಳಿತಾಯವನ್ನೆಲ್ಲ ಬೆಲ್ಜಿಯಂನಲ್ಲಿ ಅವನ ಮ್ಯಾನೇಜರನೇ ದೋಚಿ ಕೈಬಿಟ್ಟ. ಈ ಕಸುಬಿನ ಕ್ರೌರ್ಯವೂ ಅಷ್ಟೇ ನಿಜ.

1886ರ ಜೂನ್‌ನಲ್ಲಿ ಲಂಡನ್ನಿನ ಲಿವರ್‌ಪೂಲ್ ಸ್ಟ್ರೀಟ್ ರೈಲು ನಿಲ್ದಾಣಕ್ಕೆ ಬಂದಿಳಿದಾಗ ಅವನ ಬಳಿ ಉಳಿದಿದ್ದುದು ಟ್ರೀವ್ಸ್‌ನ ವಿಳಾಸದ ಚೀಟಿ. ಗುಣವಾಗದ ರೋಗಿಗಳಿಗೆ ಆಸ್ಪತ್ರೆಯಲ್ಲಿ ಜಾಗವಿರಲಿಲ್ಲ. ಆಡಳಿತ ಮಂಡಳಿಯ ಅಧ್ಯಕ್ಷ ಕಾರ್ ಗಾಮ್ ‘ದ ಟೈಮ್ಸ್’ಗೆ ಪತ್ರ ಬರೆದ, ಜೀವನಪೂರ್ತಿ ಸಾಕುವಷ್ಟು ದೇಣಿಗೆ ಬಂತು. ಮೆರಿಕ್ ಅಲ್ಲೇ ನೆಲೆಯಾದ, ರಟ್ಟಿನ ಚರ್ಚಿನ ಮಾದರಿ ಕಟ್ಟಿದ, ರಾಜಕುಮಾರಿ ಅಲೆಕ್ಸಾಂಡ್ರಾಳ ಕೈಕುಲುಕಿದ. ಟ್ರೀವ್ಸ್ ತೋರಿದ ಅಕ್ಕರೆಯನ್ನು ನಾನು ಸಣ್ಣದು ಮಾಡುವುದಿಲ್ಲ. ಆದರೆ ಅಲ್ಲಿಯೂ ನೋಡಲು ಬರುವವರ ಸಾಲು ನಿಲ್ಲಲಿಲ್ಲ, ಪಾಲು ಮಾತ್ರ ನಿಂತಿತು. ನಾರ್ಮನ್ ಎತ್ತಿದ ಆಕ್ಷೇಪವೂ ಇದೇ.

1923ರಲ್ಲಿ ಟ್ರೀವ್ಸ್ ಬರೆದ ಪುಸ್ತಕದಲ್ಲಿ ಪ್ರದರ್ಶನಕಾರ ನಾಯಿಗೆ ಗದರುವಂತೆ ಗದರುವವನು. ಅದೇ ಪುಸ್ತಕದಲ್ಲಿ ಮೆರಿಕ್‌ನ ಹೆಸರೂ ತಪ್ಪು. ಜೋಸೆಫ್ ಹೋಗಿ ಜಾನ್ ಆಗಿದ್ದಾನೆ. 1980ರ ಡೇವಿಡ್ ಲಿಂಚ್‌ನ ಸಿನಿಮಾ ಅದೇ ಹೆಸರನ್ನು ಉಳಿಸಿಕೊಂಡು, ಪ್ರದರ್ಶನಕಾರನನ್ನು ಹೊಡೆಯುವ ಕುಡುಕನನ್ನಾಗಿ ಮಾಡಿತು. ಡಾಕ್ಟರರ ಮಾತು ಅಚ್ಚಾಗಿ ಆರು ದಶಕ ಕಳೆದ ಮೇಲೆ, 1985ರಲ್ಲಿ ನಾರ್ಮನ್‌ನ ನೆನಪುಗಳು ಪ್ರಕಟವಾದವು. ಅಷ್ಟರಲ್ಲಿ ಜಗತ್ತು ತೀರ್ಪು ಕೊಟ್ಟಾಗಿತ್ತು.

ಮೆರಿಕ್ 1890ರ ಏಪ್ರಿಲ್ 11ರಂದು, 27ನೇ ವಯಸ್ಸಿನಲ್ಲಿ ಸತ್ತ. ದೇಹವನ್ನು ಕೊಯ್ದು ಅಚ್ಚು ತೆಗೆದು ಅಸ್ಥಿಪಂಜರವನ್ನು ವೈದ್ಯಕೀಯ ಕಾಲೇಜು ಇಟ್ಟುಕೊಂಡಿತು. ಈಗ ಸಾರ್ವಜನಿಕರಿಗೆ ತೋರಿಸುವುದಿಲ್ಲ, ಆದರೆ ಬಿಟ್ಟುಕೊಟ್ಟೂ ಇಲ್ಲ. ವೈಟ್‌ಚಾಪೆಲ್ ಅಂಗಡಿಯ ಆಟ ಕೆಲವೇ ವಾರಗಳಲ್ಲಿ ಮುಗಿದಿತ್ತು. ಈ ಇಟ್ಟುಕೊಳ್ಳುವಿಕೆಗೆ 130 ವರ್ಷ ಮೀರಿತು. ಕಲಿಯುವುದಕ್ಕೆ ಅಚ್ಚುಗಳಿವೆ, ಚಿತ್ರಗಳಿವೆ. ಜೋಸೆಫ್ ಮೆರಿಕ್‌ನ ಮೂಳೆಗಳನ್ನು ಅವನು ಹುಟ್ಟಿದ ಲೆಸ್ಟರ್‌ಗೆ ಒಯ್ದು, ಅವನ ಸರಿಯಾದ ಹೆಸರು ಕೆತ್ತಿದ ಕಲ್ಲಿನಡಿ ಮಣ್ಣು ಮಾಡಬೇಕು.